ಕೋಲಾರೈಟ್ ಉಳಿಯಿತು, ಬಾಬಾಬುಡನೈಟ್ ಅಳಿಯಿತು: ಖನಿಜದ ಹೆಸರು ಅಧಿಕೃತವಾಗುವ ಬಗೆ

ಕೋಲಾರದ ಚಿನ್ನದ ಗಣಿ 2001ರ ಫೆಬ್ರುವರಿ 28ಕ್ಕೆ ಮುಚ್ಚಿತು. ಗಣಿ ನಿಂತರೂ ಊರಿನ ಹೆಸರು ಜಗತ್ತಿನ ಖನಿಜಗಳ ಅಧಿಕೃತ ಪಟ್ಟಿಯಲ್ಲಿ ಉಳಿದಿದೆ. ಅಲ್ಲಿನ ಅದಿರಿನಲ್ಲಿ ಸಿಕ್ಕ ಕೋಲಾರೈಟ್ ಎಂಬ ಖನಿಜ ಒಂದು ಸೀಸ, ಒಂದು ಟೆಲುರಿಯಂ, ಎರಡು ಕ್ಲೋರಿನ್ ಪರಮಾಣುಗಳ ಜೋಡಣೆ. ಅದರ ಜೊತೆಗೇ ಸಿಕ್ಕ ಇನ್ನೊಂದರ ಹೆಸರು ರಾಧಾಕೃಷ್ಣೈಟ್. ಮೈಸೂರು ಭೂವಿಜ್ಞಾನ ಇಲಾಖೆಯನ್ನು ಮುನ್ನಡೆಸಿದ, ಭಾರತೀಯ ಭೂವೈಜ್ಞಾನಿಕ ಸಂಘವನ್ನು ಕಟ್ಟಿ ಬೆಳೆಸಿದ, ಕನ್ನಡದಲ್ಲೂ ಬರೆದ ಬಿ. ಪಿ. ರಾಧಾಕೃಷ್ಣ ಅವರ ಹೆಸರು ಅದು. ಸೋವಿಯತ್ ಮತ್ತು ಭಾರತೀಯ ವಿಜ್ಞಾನಿಗಳ ತಂಡವೊಂದು ಈ ಎರಡನ್ನೂ 1985ರಲ್ಲಿ ಒಂದೇ ಪ್ರಬಂಧದಲ್ಲಿ ವಿವರಿಸಿತು.

ಇದೇ ನೆಲದ ಇನ್ನೆರಡು ಹೆಸರುಗಳಿಗೆ ಆ ಭಾಗ್ಯವಿಲ್ಲ. 19ನೇ ಶತಮಾನದ ಆರಂಭದಲ್ಲಿ ಮೈಸೂರು ಸೀಮೆಯ ತಾಮ್ರದ ಕಲ್ಲೊಂದಕ್ಕೆ 'ಮೈಸೂರಿನ್' ಎಂದು ಹೆಸರಿಟ್ಟರು. ಅದು ಬೆರಕೆ ತುಂಬಿದ ಮ್ಯಾಲಕೈಟ್ (ತಾಮ್ರದ ಹಸಿರು ಖನಿಜ) ಎಂದು ಆಮೇಲೆ ಗೊತ್ತಾಯಿತು. ಬಾಬಾಬುಡನ್‌ಗಿರಿಯ ಕಬ್ಬಿಣದ ಪಟ್ಟೆಶಿಲೆಗಳಲ್ಲಿ ಸಿಗುವ ನೀಲಿ ಆಂಫಿಬೋಲ್‌ಗೆ (ಇದು ಸಿಲಿಕೇಟ್ ಖನಿಜಗಳ ಒಂದು ಬಳಗ) 20ನೇ ಶತಮಾನದ ಆರಂಭದಲ್ಲಿ ಮೈಸೂರು ಇಲಾಖೆಯ ಡಬ್ಲ್ಯು. ಎಫ್. ಸ್ಮೀತ್ 'ಬಾಬಾಬುಡನೈಟ್' ಎಂದು ಹೆಸರು ಕೊಟ್ಟರು. ಈಗ ಅದೂ ಪಟ್ಟಿಯಲ್ಲಿಲ್ಲ. ಎರಡು ಹೆಸರು ಉಳಿದವು, ಎರಡು ಹೋದವು. ಇದರಲ್ಲಿ ಪಕ್ಷಪಾತವೂ ಇಲ್ಲ, ಆಕಸ್ಮಿಕವೂ ಇಲ್ಲ. ಹೆಸರೊಂದು ಉಳಿಯಬೇಕಾದರೆ ಅದರ ಬೆನ್ನಿಗೆ ಎಂಥ ಅಳತೆಗಳಿರಬೇಕು ಎಂಬ ನಿಯಮಕ್ಕೆ ಈ ನಾಲ್ಕೂ ಸಾಕ್ಷಿ.

ಪತ್ರಿಕೆಯ 'ಹೊಸ ಖನಿಜ' ಬೇರೆ

ಮೊದಲು ಒಂದು ಗೊಂದಲ ಬಿಡಿಸಬೇಕು. 2023ರ ಫೆಬ್ರುವರಿಯಲ್ಲಿ ಜಮ್ಮುವಿನ ರಿಯಾಸಿಯಲ್ಲಿ 59 ಲಕ್ಷ ಟನ್ ಲಿಥಿಯಂ ಸಂಪನ್ಮೂಲದ ಅಂದಾಜು ಪ್ರಕಟವಾದಾಗಲೂ, ಅದಕ್ಕೂ ಮೊದಲು ಮಂಡ್ಯದ ಮಾರ್ಲಗಲ್ಲ ಭಾಗದಲ್ಲಿ 1,600 ಟನ್ ಲಿಥಿಯಂ ಇದೆ ಎಂಬ ಅಂದಾಜು ಬಂದಾಗಲೂ 'ಹೊಸ ಖನಿಜ ಪತ್ತೆ' ಎಂಬ ಮಾತು ಓಡಾಡಿತು. ಅಲ್ಲಿ ಪತ್ತೆಯಾದದ್ದು ನಿಕ್ಷೇಪ. ಲಿಥಿಯಂ ಒಂದು ಧಾತು, ನಿಸರ್ಗದಲ್ಲಿ ಬಿಡಿಯಾಗಿ ಸಿಗುವುದೇ ಇಲ್ಲ. ಮಾರ್ಲಗಲ್ಲದಲ್ಲಿ ಅದನ್ನು ಹಿಡಿದಿಟ್ಟುಕೊಂಡಿರುವ ಖನಿಜ ಸ್ಪಾಡ್ಯುಮಿನ್. ಅದಕ್ಕೆ ಹೆಸರು ಬಂದು ಇನ್ನೂರು ವರ್ಷ ದಾಟಿತು.

ಸರ್ಕಾರದ ಭಾಷೆಯಲ್ಲಿ ಈ ಪದದ ಹರವು ಇನ್ನೂ ದೊಡ್ಡದು. ಕೇಂದ್ರ ಗಣಿ ಸಚಿವಾಲಯ 2023ರಲ್ಲಿ ಗುರುತಿಸಿದ 30 'ನಿರ್ಣಾಯಕ ಖನಿಜ'ಗಳಲ್ಲಿ ಹೆಚ್ಚಿನವು ಕೋಬಾಲ್ಟ್, ಗ್ಯಾಲಿಯಂ, ಜರ್ಮೇನಿಯಂನಂಥ ಧಾತುಗಳು. 1957ರ ಗಣಿ ಕಾಯ್ದೆಯ ಪ್ರಕಾರ ಮರಳು, ಜಲ್ಲಿ, ಕಟ್ಟಡದ ಕಲ್ಲು ಕೂಡ 'ಉಪಖನಿಜ'. ರಾಜಧನ ಲೆಕ್ಕ ಹಾಕಲು ಇದು ಸರಿಯೇ. ವಿಜ್ಞಾನದಲ್ಲಿ ಖನಿಜ ಎಂದರೆ ಭೂಪ್ರಕ್ರಿಯೆಯಿಂದ ತಾನಾಗಿ ಉಂಟಾದ, ಸಾಮಾನ್ಯವಾಗಿ ಸ್ಫಟಿಕ ರಚನೆಯುಳ್ಳ, ನಿರ್ದಿಷ್ಟ ರಾಸಾಯನಿಕ ಸೂತ್ರವಿರುವ ವಸ್ತು. ಗ್ರಾನೈಟ್ ಖನಿಜವಲ್ಲ, ಶಿಲೆ. ಅದರೊಳಗಿನ ಕ್ವಾರ್ಟ್ಜ್, ಫೆಲ್ಡ್‌ಸ್ಪಾರ್, ಬಯೊಟೈಟ್ ಹರಳುಗಳ ಜಾಗಕ್ಕೆ ಬಂದಾಗ ಖನಿಜದ ಮಾತು ಶುರುವಾಗುತ್ತದೆ.

ಈ ಅರ್ಥದ ಖನಿಜಗಳ ಪಟ್ಟಿ ಈಗ 6,000 ದಾಟಿದೆ. ವರ್ಷಕ್ಕೆ ನೂರರ ಆಸುಪಾಸು ಹೊಸವು ಸೇರುತ್ತವೆ. ಪಟ್ಟಿ ಇಟ್ಟುಕೊಳ್ಳುವುದು ಅಂತರರಾಷ್ಟ್ರೀಯ ಖನಿಜವಿಜ್ಞಾನ ಸಂಘ, ಅಂದರೆ ಐಎಂಎ. ಸಂಘ ಹುಟ್ಟಿದ್ದು 1958ರಲ್ಲಿ. ಹೊಸ ಖನಿಜಗಳನ್ನು ಪರಿಶೀಲಿಸುವ ಅದರ ಆಯೋಗ 1959ರಲ್ಲಿ ಶುರುವಾಯಿತು. 2006ರಲ್ಲಿ ವರ್ಗೀಕರಣದ ಆಯೋಗವನ್ನೂ ಅದರೊಂದಿಗೆ ಸೇರಿಸಿ ಇಂದಿನ ಸಿಎನ್‌ಎಂಎನ್‌ಸಿ ರೂಪುಗೊಂಡಿತು. 1959ಕ್ಕೆ ಮೊದಲೇ ಬಳಕೆಯಲ್ಲಿದ್ದ, ಯಾರೂ ತಕರಾರು ತೆಗೆಯದ ಹೆಸರುಗಳನ್ನು ಹಾಗೆಯೇ ಒಪ್ಪಿಕೊಂಡರು. ಆಮೇಲೆ ಬಂದ ಪ್ರತಿಯೊಂದೂ ಈ ಆಯೋಗದ ಮತಕ್ಕೆ ಬರಲೇಬೇಕು.

ಅರ್ಜಿಯೊಳಗೆ ಏನಿರಬೇಕು

ಹೊಸದಿರಬಹುದು ಎಂಬ ಅನುಮಾನ ಸಾಮಾನ್ಯವಾಗಿ ಹುಟ್ಟುವುದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಪರದೆಯ ಮೇಲೆ. ಉಜ್ಜಿ ನುಣುಪು ಮಾಡಿದ ಕಲ್ಲಿನ ತುಣುಕಿನಲ್ಲಿ ಸುತ್ತಲಿನ ಹರಳುಗಳಿಗಿಂತ ಹೆಚ್ಚು ಹೊಳೆಯುವ, ಅಥವಾ ಹೆಚ್ಚು ಕಪ್ಪಗಿರುವ ಒಂದು ಚುಕ್ಕೆ ಕಾಣುತ್ತದೆ. ಅಗಲ ಕೆಲವೇ ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು) ಇರಬಹುದು. ಅಲ್ಲಿಂದ ಅರ್ಜಿಯವರೆಗಿನ ದಾರಿಯಲ್ಲಿ ಎರಡು ಪ್ರಶ್ನೆಗೆ ಉತ್ತರ ಸಿಗಬೇಕು. ಒಳಗೆ ಯಾವ ಧಾತುಗಳು ಎಷ್ಟೆಷ್ಟಿವೆ? ಅವು ಹೇಗೆ ಜೋಡಣೆಯಾಗಿವೆ? ಎರಡರಲ್ಲಿ ಒಂದಕ್ಕೆ ಮಾತ್ರ ಉತ್ತರವಿದ್ದರೆ ಅರ್ಜಿ ನಿಲ್ಲುವುದಿಲ್ಲ.

ಮೊದಲ ಪ್ರಶ್ನೆಗೆ ರೂಢಿಯ ಸಾಧನ ಎಲೆಕ್ಟ್ರಾನ್ ಪ್ರೋಬ್. ಸಾಮಾನ್ಯವಾಗಿ 15 ಕಿಲೋವೋಲ್ಟ್‌ನ ಎಲೆಕ್ಟ್ರಾನ್ ಕಿರಣವನ್ನು ಹರಳಿನ ಮೇಲೆ ಬಿಟ್ಟು, ಹೊರಬರುವ ಎಕ್ಸ್-ಕಿರಣಗಳನ್ನು ಸಂಯೋಜನೆ ಗೊತ್ತಿರುವ ಮಾನಕ ವಸ್ತುಗಳ ಜೊತೆ ಹೋಲಿಸುತ್ತಾರೆ. ಒಂದೇ ಚುಕ್ಕೆಯ ಅಳತೆ ಸಾಲದು. ಹಲವು ಚುಕ್ಕೆಗಳ ಸರಾಸರಿ, ಏರಿಳಿತದ ವ್ಯಾಪ್ತಿ, ಯಾವ ಮಾನಕ ಬಳಸಿದ್ದು ಎಂಬುದೆಲ್ಲ ಕೋಷ್ಟಕದಲ್ಲಿರಬೇಕು.

ಎಡವಟ್ಟುಗಳಲ್ಲಿ ಬಹುಪಾಲು ಆಗುವುದು ಈ ಹಂತದಲ್ಲೇ. ಪ್ರೋಬ್‌ಗೆ ಹೈಡ್ರೋಜನ್ ಕಾಣುವುದಿಲ್ಲ, ಲಿಥಿಯಂ ಕಾಣುವುದಿಲ್ಲ. ಬೆರಿಲಿಯಂ, ಬೋರಾನ್ ಅಳೆಯುವುದು ಬಲು ಕಷ್ಟ. ಅಳೆದದ್ದೆಲ್ಲ ಕೂಡಿಸಿದಾಗ ಮೊತ್ತ ಶೇ 100ರ ಹತ್ತಿರ ಬರದೆ ಶೇ 92ಕ್ಕೆ ನಿಂತಿತು ಎಂದುಕೊಳ್ಳಿ. ಉಳಿದ ಶೇ 8 ನೀರೇ? ಲಿಥಿಯಂ ಆಕ್ಸೈಡೇ? ಹರಳಿನ ಒಳಗಿನ ಸಣ್ಣ ತೂತುಗಳೇ? 'ನೀರು ಇರಬಹುದು' ಎಂದು ಬರೆದು ಮುಂದೆ ಹೋಗುವಂತಿಲ್ಲ. ಇನ್‌ಫ್ರಾರೆಡ್ ಅಥವಾ ರಾಮನ್ ವರ್ಣಪಟಲದಲ್ಲಿ ನೀರಿನ ಗುರುತು ತೋರಿಸಬೇಕು, ಅಥವಾ ಸ್ಫಟಿಕ ರಚನೆಯಲ್ಲಿ ಅದು ಕೂತ ಜಾಗ ತೋರಿಸಬೇಕು. ಸೋಡಿಯಂ ಹೆಚ್ಚಿರುವ, ನೀರಿರುವ ಖನಿಜಗಳ ತೊಂದರೆ ಬೇರೆ ಬಗೆಯದು. ಕಿರಣವನ್ನು ಒಂದೇ ಬಿಂದುವಿಗೆ ಕೇಂದ್ರೀಕರಿಸಿದರೆ ಸೋಡಿಯಂ ಅಲ್ಲಿಂದ ಸರಿದುಬಿಡುತ್ತದೆ, ನೀರು ಆವಿಯಾಗುತ್ತದೆ, ಇಲ್ಲದ ಸೂತ್ರವೊಂದು ಕೈಗೆ ಬರುತ್ತದೆ. ಅದಕ್ಕೇ ಕಿರಣವನ್ನು 5ರಿಂದ 20 ಮೈಕ್ರಾನ್ ಅಗಲಕ್ಕೆ ಹರಡಿ, ವಿದ್ಯುತ್ ಪ್ರವಾಹ ತಗ್ಗಿಸಿ, ಸೋಡಿಯಂ ಅನ್ನು ಎಲ್ಲಕ್ಕಿಂತ ಮೊದಲು ಅಳೆಯುತ್ತಾರೆ. ಹರಳೇ 5 ಮೈಕ್ರಾನ್ ಇದ್ದರೆ ಕಿರಣ ಹರಡುವಂತಿಲ್ಲ, ಪಕ್ಕದ ಹರಳಿನ ಧಾತುಗಳೂ ಲೆಕ್ಕಕ್ಕೆ ಬಂದುಬಿಡುತ್ತವೆ. ಈ ಇಕ್ಕಟ್ಟಿನಲ್ಲಿ ನಿಂತುಹೋದ ಕೆಲಸಗಳಿಗೆ ಲೆಕ್ಕವಿಲ್ಲ.

ಎರಡನೇ ಪ್ರಶ್ನೆಗೆ ಎಕ್ಸ್-ರೇ ವಿವರ್ತನೆ, ಅಂದರೆ ಹರಳಿನಲ್ಲಿ ಎಕ್ಸ್-ಕಿರಣಗಳು ಚದುರುವ ಬಗೆಯಿಂದ ಪರಮಾಣುಗಳ ಜೋಡಣೆ ತಿಳಿಯುವ ವಿಧಾನ. ಕೆಲವು ಹತ್ತು ಮೈಕ್ರಾನ್‌ನ ಒಂದೇ ಹರಳನ್ನು ಬಿಡಿಸಿ ತೆಗೆದು ರಚನೆಯನ್ನು ಪೂರ್ತಿ ಬಿಡಿಸುವುದು ಉತ್ತಮ. ಅಷ್ಟು ದೊಡ್ಡದಿಲ್ಲದಿದ್ದರೆ ಸಿಂಕ್ರೊಟ್ರಾನ್ ಯಂತ್ರದ ಪ್ರಬಲ ಎಕ್ಸ್-ಕಿರಣದ ಅಥವಾ ಎಲೆಕ್ಟ್ರಾನ್ ವಿವರ್ತನೆಯ ಮೊರೆ ಹೋಗಬೇಕು. ಜೊತೆಗೆ ಗಡಸುತನ, ಸಾಂದ್ರತೆ, ಬಣ್ಣ, ಸೀಳುವ ರೀತಿ, ಪಾರದರ್ಶಕವಾದರೆ ವಕ್ರೀಭವನ ಸೂಚ್ಯಂಕ, ಅಪಾರದರ್ಶಕ ಅದಿರು ಖನಿಜವಾದರೆ 470, 546, 589, 650 ನ್ಯಾನೋಮೀಟರ್ ತರಂಗಗಳಲ್ಲಿ ಪ್ರತಿಫಲನದ ಪ್ರಮಾಣ. ಇವೆಲ್ಲ ಅಲಂಕಾರಕ್ಕಲ್ಲ. ವಕ್ರೀಭವನ, ಸಾಂದ್ರತೆ, ರಾಸಾಯನಿಕ ಸಂಯೋಜನೆ ಮೂರೂ ಒಂದಕ್ಕೊಂದು ತಾಳೆಯಾಗುತ್ತವೆಯೇ ಎಂದು ನೋಡಲು ಗ್ಲಾಡ್‌ಸ್ಟೋನ್-ಡೇಲ್ ಲೆಕ್ಕವಿದೆ. ಅದರ ಸೂಚ್ಯಂಕ 0.020ಕ್ಕಿಂತ ಕಡಿಮೆ ಬಂದರೆ ಅತ್ಯುತ್ತಮ. 0.080 ದಾಟಿದರೆ ಮೂರರಲ್ಲಿ ಒಂದು ಅಳತೆ ತಪ್ಪಿರುವ ಸಾಧ್ಯತೆ ಹೆಚ್ಚು. ಅದರ ಕಾರಣ ಹುಡುಕದೆ ಅರ್ಜಿ ಕಳಿಸಿದರೆ ಅದು ವಾಪಸ್ ಬರಬಹುದು.

ಕೊನೆಗೆ ಪ್ರಕಾರ ಮಾದರಿ, ಅಂದರೆ ಹೋಲೋಟೈಪ್. ವಿವರಣೆಗೆ ಬಳಸಿದ ನಿಜವಾದ ತುಣುಕನ್ನು ಸರಿಯಾದ ನಿರ್ವಹಣೆಯಿರುವ ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಿ ದಾಖಲಾತಿ ಸಂಖ್ಯೆ ಪಡೆಯಬೇಕು. ಮನೆಯ ಕಪಾಟಿನಲ್ಲೋ ವಿಭಾಗದ ಡ್ರಾಯರ್‌ನಲ್ಲೋ ಇಟ್ಟುಕೊಂಡರೆ ನಡೆಯುವುದಿಲ್ಲ. ಮುಂದೆ ಯಾರಾದರೂ ಅನುಮಾನಪಟ್ಟರೆ ಮರುಪರೀಕ್ಷೆಗೆ ಇರುವ ಆಧಾರ ಅದೊಂದೇ.

ಮತ, ಗುಟ್ಟು, ಎರಡು ವರ್ಷದ ಗಡುವು

ಅರ್ಜಿ ಆಯೋಗದ ಅಧ್ಯಕ್ಷರಿಗೆ ಹೋಗುತ್ತದೆ. ಅವರು ಕೊರತೆಗಳನ್ನು ನೋಡಿ ತಿದ್ದಲು ಹಿಂದಿರುಗಿಸಬಹುದು. ಸರಿಯಿದ್ದರೆ ವರ್ಷ ಮತ್ತು ಕ್ರಮಸಂಖ್ಯೆಯ ಒಂದು ಗುರುತು ಸಿಗುತ್ತದೆ. ಬೇರೆ ಬೇರೆ ದೇಶಗಳ ಸದಸ್ಯರು ಓದಿ, ಟಿಪ್ಪಣಿ ಬರೆದು, ಮತ ಹಾಕುತ್ತಾರೆ. ಖನಿಜಕ್ಕೊಂದು ಮತ, ಹೆಸರಿಗೊಂದು ಮತ. ಒಟ್ಟು ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮತ ಹಾಕಿರಬೇಕು, ಹಾಕಿದವರಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಜನ ಹೌದು ಎಂದಿರಬೇಕು. ಹೆಸರಿಗೆ ಸರಳ ಬಹುಮತ ಸಾಕು. ಹಾಗಾಗಿ ಖನಿಜ ಪಾಸಾಗಿ ಹೆಸರು ಬಿದ್ದುಹೋಗುವುದೂ ಉಂಟು. ಆಗ ಬೇರೆ ಹೆಸರು ಕೊಡಬೇಕು.

ತಿರಸ್ಕಾರವಾದರೆ ದಾರಿ ಮುಚ್ಚಿತೆಂದಲ್ಲ. ಹೊಸ ಅಳತೆಗಳೊಂದಿಗೆ ಮತ್ತೆ ಬರಬಹುದು. ಆಗ ಸಂಖ್ಯೆಯ ಕೊನೆಗೆ 'ಎ' ಸೇರುತ್ತದೆ. ಬೋಟ್ಸ್‌ವಾನಾದ ಒರಾಪಾ ಗಣಿಯ ವಜ್ರದೊಳಗೆ ಸಿಕ್ಕ, ಭೂಮಿಯ ಆಳದ ಕ್ಯಾಲ್ಸಿಯಂ ಸಿಲಿಕೇಟ್ ಆದ ಡೇವ್‌ಮಾವೊಐಟ್‌ನ ಸಂಖ್ಯೆ 2020-012ಎ. ಮತ ಮುಗಿಯುವ ತನಕ ಹೆಸರನ್ನು ಎಲ್ಲೂ ಪ್ರಕಟಿಸುವಂತಿಲ್ಲ. ಒಪ್ಪಿಗೆಯಾದ ಮೇಲೆ ಎರಡು ವರ್ಷದೊಳಗೆ ಪೂರ್ಣ ವಿವರಣೆ ವೈಜ್ಞಾನಿಕ ಪತ್ರಿಕೆಯಲ್ಲಿ ಬರಬೇಕು. ಅದು ಬರದಿದ್ದರೆ ಒಪ್ಪಿಗೆಯ ಬೆಲೆಯೇ ಹೋಗುತ್ತದೆ. ಈ ಗಡುವು ಸರಿಯಾದದ್ದೇ. ವಿವರಣೆಯಿಲ್ಲದ ಹೆಸರು ಬೇರೆಯವರ ಕೆಲಸಕ್ಕೆ ಅಡ್ಡಿ.

ಹೆಸರನ್ನು ಸಿಕ್ಕ ಜಾಗದಿಂದಲೋ ರಸಾಯನದಿಂದಲೋ ಗುಣದಿಂದಲೋ ವ್ಯಕ್ತಿಯಿಂದಲೋ ತೆಗೆದುಕೊಳ್ಳಬಹುದು. ಕಂಡುಹಿಡಿದವರು ತಮ್ಮದೇ ಹೆಸರಿಟ್ಟುಕೊಳ್ಳುವಂತಿಲ್ಲ. ಬದುಕಿರುವವರ ಹೆಸರಿಡಬೇಕಾದರೆ ಅವರ ಒಪ್ಪಿಗೆ ಬೇಕು. ಈಗಾಗಲೇ ಇರುವ ಹೆಸರಿನೊಂದಿಗೆ ಗೊಂದಲವಾಗಬಾರದು. ಸರ್ ಸಿ. ವಿ. ರಾಮನ್ ಅವರ ಹೆಸರಿನಲ್ಲಿ ಎರಡು ಖನಿಜಗಳಿವೆ: ರಾಮನೈಟ್-(ಸಿಎಸ್), ರಾಮನೈಟ್-(ಆರ್‌ಬಿ). ಸಿಕ್ಕದ್ದು ರಷ್ಯಾದ ಮಾಲ್ಖಾನ್ ಪೆಗ್ಮಟೈಟ್‌ನಲ್ಲಿ (ದೊಡ್ಡ ಹರಳುಗಳ ಅಗ್ನಿಶಿಲೆ), ಹರಳುಗಳೊಳಗೆ ಸೆರೆಯಾದ ಸಣ್ಣ ಗುಳ್ಳೆಗಳಲ್ಲಿ. ಅವನ್ನು ಗುರುತಿಸಿದ್ದು ರಾಮನ್ ವರ್ಣಪಟಲದಿಂದಲೇ. ಬೆಂಗಳೂರಿನಲ್ಲಿ ಬದುಕಿ, ಹರಳುಗಳನ್ನು ಪ್ರೀತಿಯಿಂದ ಕೂಡಿಟ್ಟ ವಿಜ್ಞಾನಿಗೆ ಇದಕ್ಕಿಂತ ಒಪ್ಪುವ ಗೌರವ ಕಾಣುವುದಿಲ್ಲ. ಕೊನೆಯ ಆವರಣದಲ್ಲಿರುವುದು ಸೀಸಿಯಂ, ರುಬಿಡಿಯಂ ಧಾತುಗಳ ಚಿಹ್ನೆ. ಕೇರಳ, ತಮಿಳುನಾಡಿನ ಕಡಲ ಮರಳಿನ ಮೊನಜೈಟ್‌ಗೂ ಹೀಗೇ ಬಾಲ ಹಚ್ಚುತ್ತಾರೆ. ಸೀರಿಯಂ ಹೆಚ್ಚಿದ್ದರೆ ಮೊನಜೈಟ್-(ಸಿಇ), ಲ್ಯಾಂಥನಂ ಹೆಚ್ಚಿದ್ದರೆ ಮೊನಜೈಟ್-(ಎಲ್ಎ). ಎರಡೂ ಬೇರೆ ಬೇರೆ ಖನಿಜ.

ಬಾಬಾಬುಡನೈಟ್‌ಗೆ ಆದದ್ದೇನು

ಈ 'ಯಾವುದು ಹೆಚ್ಚು' ಎಂಬ ನಿಯಮವೇ ಇಡೀ ವ್ಯವಸ್ಥೆಯ ಬೆನ್ನೆಲುಬು. ಸ್ಫಟಿಕ ರಚನೆಯಲ್ಲಿ ಪರಮಾಣುಗಳಿಗೆ ಗೊತ್ತಾದ ಜಾಗಗಳಿವೆ. ಒಂದೊಂದು ಜಾಗದಲ್ಲೂ ಅತಿ ಹೆಚ್ಚು ಇರುವ ಧಾತು ಯಾವುದು ಎಂಬುದು ಖನಿಜದ ಗುರುತನ್ನು ನಿರ್ಧರಿಸುತ್ತದೆ. ಬಣ್ಣ ಬೇರೆ, ಊರು ಬೇರೆ, ಸ್ವಲ್ಪ ಸಂಯೋಜನೆ ಬೇರೆ ಎಂದರೆ ಹೊಸ ಹೆಸರು ಸಿಗುವುದಿಲ್ಲ.

ಬಾಬಾಬುಡನ್‌ಗಿರಿಯ ನೀಲಿ ಆಂಫಿಬೋಲ್ ತೆಗೆದುಕೊಳ್ಳಿ. ಈ ಬಗೆಯ ಆಂಫಿಬೋಲ್‌ನ ಸೂತ್ರದಲ್ಲಿ ಐದು ಪರಮಾಣುಗಳು ಕೂರುವ ಒಂದು ಜಾಗವಿದೆ. ಅದರಲ್ಲಿ ಎರಡನ್ನು ಫೆರಿಕ್ ಕಬ್ಬಿಣ (ಮೂರು ಎಲೆಕ್ಟ್ರಾನ್ ಕಳೆದುಕೊಂಡದ್ದು) ಹಿಡಿಯುತ್ತದೆ. ಉಳಿದ ಮೂರನ್ನು ಮೆಗ್ನೀಷಿಯಂ ಮತ್ತು ಫೆರಸ್ ಕಬ್ಬಿಣ (ಎರಡು ಎಲೆಕ್ಟ್ರಾನ್ ಕಳೆದುಕೊಂಡದ್ದು) ಹಂಚಿಕೊಳ್ಳುತ್ತವೆ. ಮೆಗ್ನೀಷಿಯಂ 1.6, ಫೆರಸ್ 1.4 ಇದ್ದರೆ ಹೆಸರು ಮೆಗ್ನೀಷಿಯೊ-ರೀಬೆಕೈಟ್. ಅವು ಅದಲುಬದಲಾದರೆ ರೀಬೆಕೈಟ್. ನಡುವೆ ಮೂರನೇ ಹೆಸರಿಗೆ ಜಾಗವೇ ಇಲ್ಲ. ಬಾಬಾಬುಡನೈಟ್ ಎಂದು ಕರೆದದ್ದು ಮೆಗ್ನೀಷಿಯಂ ಹೆಚ್ಚಿರುವ ಕಡೆಗೆ ಸೇರಿತು. 1978ರಲ್ಲಿ ಆಂಫಿಬೋಲ್‌ಗಳ ಹೆಸರುಗಳನ್ನು ಒಪ್ಪ ಮಾಡಿದಾಗ ಇಂಥ ಬಹಳ ಹೆಸರುಗಳು ಕಸದ ಬುಟ್ಟಿಗೆ ಹೋದವು, ಅದರಲ್ಲಿ ಇದೂ ಒಂದು. 2012ರಲ್ಲಿ ಆಂಫಿಬೋಲ್ ನಿಯಮಗಳನ್ನು ಮತ್ತೆ ಬರೆದಾಗಲೂ ಅದು ಮರಳಿ ಬರಲಿಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ. ಪ್ರೋಬ್ ಒಟ್ಟು ಕಬ್ಬಿಣವನ್ನು ಹೇಳುತ್ತದೆ, ಅದರಲ್ಲಿ ಫೆರಿಕ್ ಎಷ್ಟು ಫೆರಸ್ ಎಷ್ಟು ಎಂದು ಹೇಳುವುದಿಲ್ಲ. ಮೇಲಿನ ಉದಾಹರಣೆಯಲ್ಲಿ ಒಟ್ಟು ಕಬ್ಬಿಣ 3.4. ಫೆರಿಕ್ 2 ಎಂದು ಹಿಡಿದರೆ ಮೆಗ್ನೀಷಿಯಂ ಗೆಲ್ಲುತ್ತದೆ. ಲೆಕ್ಕದಲ್ಲಿ ಜಾರಿ 1.7 ಎಂದು ಹಿಡಿದರೆ ಫೆರಸ್ 1.7 ಆಗಿ ಮೆಗ್ನೀಷಿಯಂ ಸೋಲುತ್ತದೆ, ಖನಿಜದ ಹೆಸರೇ ಬದಲಾಗುತ್ತದೆ. ಕಬ್ಬಿಣ ತುಂಬಿದ ನಮ್ಮ ಶಿಲೆಗಳಲ್ಲಿ ಕೆಲಸ ಮಾಡುವವರು ಫೆರಿಕ್, ಫೆರಸ್ ಪಾಲನ್ನು ಬೇರೆ ಮಾಡಿ ತೋರಿಸುವ ಮೋಸ್‌ಬೌವರ್ ಅಳತೆಯನ್ನು ಐಚ್ಛಿಕ ಎಂದುಕೊಳ್ಳಬಾರದು ಎನ್ನುವುದು ಇದಕ್ಕಾಗಿ.

ಕೋಲಾರೈಟ್, ರಾಧಾಕೃಷ್ಣೈಟ್ ಉಳಿದದ್ದೇಕೆ ಎಂಬುದು ಈಗ ತಿಳಿಯುತ್ತದೆ. ಸೀಸ, ಟೆಲುರಿಯಂ, ಕ್ಲೋರಿನ್ ಸೇರಿದ ಆ ಸೂತ್ರಗಳು ಇದ್ದ ಯಾವ ಖನಿಜದ ಮನೆಯೊಳಗೂ ಕೂರುತ್ತಿರಲಿಲ್ಲ. ಅವು ಒಂದು ಶ್ರೇಣಿಯ ನಡುವಿನ ಮೆಟ್ಟಿಲಾಗಿರಲಿಲ್ಲ. 1983ರಲ್ಲಿ ಆಯೋಗದ ಮುಂದೆ ಬಂದು ಮತ ಪಡೆದೇ ಪ್ರಕಟವಾದವು.

ಇತರ ಭಾರತೀಯ ಹೆಸರುಗಳ ಗತಿಯೂ ಇದೇ ಬಗೆಯಲ್ಲಿ ಬಿಡಿಸಿಕೊಳ್ಳುತ್ತದೆ. ಮಧ್ಯಪ್ರದೇಶದ ಮ್ಯಾಂಗನೀಸ್ ಗಣಿಗಳಲ್ಲಿ ಎಲ್. ಎಲ್. ಫರ್ಮರ್ ಹೆಸರಿಟ್ಟ ಸಿತಾಪರೈಟ್ ಆಮೇಲೆ ಬಿಕ್ಸ್‌ಬೈಟ್ ಎಂದಾಯಿತು. ಅವರದೇ ವ್ರೆಡೆನ್‌ಬರ್ಗೈಟ್ ಒಂದು ಖನಿಜವೇ ಅಲ್ಲ, ಜಾಕೊಬ್ಸೈಟ್ ಮತ್ತು ಹೌಸ್‌ಮನೈಟ್ ಪದರಗಳ ಹೆಣೆಗೆ ಎಂದು ಗೊತ್ತಾಯಿತು. ಬರಿಗಣ್ಣಿಗೆ ಒಂದೇ ಹರಳು, ಒಳಗೆ ಎರಡು. ಅದೇ ಫರ್ಮರ್ ಅವರ ಗೌರವಕ್ಕೆ ಇಟ್ಟ ಫರ್ಮರೈಟ್ 2010ರಲ್ಲಿ ಅಪಟೈಟ್ ಬಳಗದ ಖನಿಜಗಳ ಹೆಸರುಗಳನ್ನು ಪರಿಷ್ಕರಿಸಿದಾಗ ಜಾನ್‌ಬೌಮೈಟ್‌ನ ಸಮಮಿತಿ ಮಾತ್ರ ಬೇರೆಯಾದ ರೂಪ ಎಂದು ತೀರ್ಮಾನವಾಗಿ ಜಾನ್‌ಬೌಮೈಟ್-ಎಂ ಆಯಿತು. ವಜ್ರ ಮತ್ತು ಗ್ರಾಫೈಟ್‌ನಂತೆ ಜೋಡಣೆಯೇ ಪೂರ್ತಿ ಬೇರೆಯಾದರೆ ಎರಡು ಖನಿಜ. ಅದೇ ಚೌಕಟ್ಟು ತುಸು ಓರೆಯಾದರೆ ಒಂದೇ ಖನಿಜ. ನಿಯಮ ಹೀಗಿದ್ದರೂ ಎಲ್ಲೆಡೆ ಒಂದೇ ತೂಕದಲ್ಲಿ ಅನ್ವಯವಾಗಿಲ್ಲ. ಜಾರ್ಖಂಡ್‌ನ ಬೊಕಾರೊ ಕಲ್ಲಿದ್ದಲು ಸೀಮೆಯಲ್ಲಿ, ಉರಿದ ಕಲ್ಲಿದ್ದಲು ಸುಟ್ಟ ಮಣ್ಣುಶಿಲೆಯಲ್ಲಿ ಸಿಕ್ಕ ಇಂಡಿಯಲೈಟ್ ಕಾರ್ಡಿಯರೈಟ್‌ನದೇ ಸೂತ್ರದ್ದು. ಅಲ್ಯುಮಿನಿಯಂ, ಸಿಲಿಕಾನ್ ಕೂರುವ ಕ್ರಮ ಮಾತ್ರ ಬೇರೆ. ಅದು ಪ್ರತ್ಯೇಕ ಖನಿಜವಾಗಿಯೇ ಉಳಿದಿದೆ. ಆರ್ಥೋಕ್ಲೇಸ್, ಸ್ಯಾನಿಡೀನ್, ಮೈಕ್ರೋಕ್ಲೀನ್‌ಗಳ ಕಥೆಯೂ ಹೀಗೇ. ಹಳೆಯ ಬಳಕೆಗೆ ಆಯೋಗ ತಲೆಬಾಗಿದ ಕಡೆಗಳಿವು, ತಲೆಬಾಗಿದ್ದು ಒಳ್ಳೆಯದೇ ಆಯಿತು. ಇಲ್ಲದಿದ್ದರೆ ಶತಮಾನದ ನಕ್ಷೆ, ಪಠ್ಯಗಳೆಲ್ಲ ಓದಲು ಬಾರದಂತಾಗುತ್ತಿದ್ದವು.

ವರ್ಗ, ಗುಂಪು, ಮಹಾಗುಂಪು

ಹೆಸರಾದ ಮೇಲೆ ಜಾಗ. ರಸಾಯನದ ಪ್ರಕಾರ ಹತ್ತು ವರ್ಗ ಮಾಡುವ ನಿಕೆಲ್-ಸ್ಟ್ರುಂಜ್ ಪದ್ಧತಿ ಹೆಚ್ಚು ಚಾಲ್ತಿಯಲ್ಲಿದೆ: ಬಿಡಿ ಧಾತುಗಳಿಂದ ಹಿಡಿದು ಸಲ್ಫೈಡ್, ಹ್ಯಾಲೈಡ್, ಆಕ್ಸೈಡ್, ಸಿಲಿಕೇಟ್, ಸಾವಯವದವರೆಗೆ. ಆಯೋಗ 2009ರಲ್ಲಿ ಗೊತ್ತುಮಾಡಿದ ಮೆಟ್ಟಿಲುಗಳಲ್ಲಿ ವರ್ಗದ ಕೆಳಗೆ ಉಪವರ್ಗ, ಕುಟುಂಬ, ಮಹಾಗುಂಪು, ಗುಂಪು ಬರುತ್ತವೆ. ಗುಂಪಾಗಲು ಒಂದೇ ರಚನೆಯ, ಹೋಲುವ ರಸಾಯನದ ಎರಡಾದರೂ ಖನಿಜ ಬೇಕು. ಝಾಬುವಾ ಜಿಲ್ಲೆಯ ಕಾಜ್ಲಿಡೋಂಗ್ರಿ ಗಣಿಯಿಂದ ಫರ್ಮರ್ 1906ರಲ್ಲಿ ಹೆಸರಿಸಿದ ಹೊಲ್ಯಾಂಡೈಟ್ ಈಗ ಒಂದು ಇಡೀ ಮಹಾಗುಂಪಿನ ಹೆಸರು. ಅದರೊಳಗೆ ಮ್ಯಾಂಗನೀಸ್ ಹೆಚ್ಚಿರುವವು ಒಂದು ಗುಂಪು, ಟೈಟಾನಿಯಂ ಹೆಚ್ಚಿರುವವು ಇನ್ನೊಂದು.

ಒಪ್ಪಿಗೆ ಸಿಗದ ಜಾಗಗಳು

ಪ್ರಯೋಗಾಲಯದಲ್ಲಿ ಮಾಡಿದ ವಸ್ತು ಎಷ್ಟೇ ಮುಖ್ಯವಾದರೂ ಖನಿಜವಲ್ಲ. ಭೂಮಿಯ ಘನಗಾತ್ರದ ಸುಮಾರು ಶೇ 38ರಷ್ಟಿರುವ, ಒತ್ತಡದ ಪ್ರಯೋಗಗಳಿಂದ ದಶಕಗಳ ಕಾಲ ಗೊತ್ತಿದ್ದ ಮೆಗ್ನೀಷಿಯಂ ಸಿಲಿಕೇಟ್‌ಗೆ 2014ರ ತನಕ ಹೆಸರಿರಲಿಲ್ಲ. 1879ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಬಿದ್ದ ಟೆನ್‌ಹ್ಯಾಂ ಉಲ್ಕಾಶಿಲೆಯಲ್ಲಿ ಅದರ ನೈಸರ್ಗಿಕ ಹರಳು ಸಿಕ್ಕ ಮೇಲಷ್ಟೇ ಬ್ರಿಜ್‌ಮನೈಟ್ ಆಯಿತು. ನಿಯಮ ಅತಿಯಾಯಿತು ಎನ್ನುವವರಿದ್ದಾರೆ. ನೈಸರ್ಗಿಕ ಹರಳಿಲ್ಲದೆ ಹೆಸರು ಕೊಟ್ಟಿದ್ದರೆ ಪ್ರಯೋಗಾಲಯದ ಪ್ರತಿಯೊಂದು ಸಂಯುಕ್ತವೂ ಸರದಿಯಲ್ಲಿ ನಿಲ್ಲುತ್ತಿತ್ತು.

ಮನುಷ್ಯ ಬಿಟ್ಟುಹೋದ ತ್ಯಾಜ್ಯದ ಮೇಲೆ ಬೆಳೆಯುವ ಹರಳುಗಳಿಗೂ ಈಗ ದಾರಿ ಬಹಳ ಕಿರಿದು. ಕೆಜಿಎಫ್‌ನ ಸಯನೈಡ್ ದಿಬ್ಬಗಳ ಮೇಲೆ ಮಳೆ ನಿಂತ ಮೇಲೆ ಮೂಡುವ ಬಿಳಿ ಹಳದಿ ಹೊರಪದರಗಳಲ್ಲಿ ಹೊಸ ಸಂಯುಕ್ತ ಸಿಕ್ಕರೂ, ರಾಸಾಯನಿಕ ಬೆರೆಸಿ ಅರೆದ ಹಿಟ್ಟಿನಿಂದ ಹುಟ್ಟಿದ್ದು ಎಂಬ ಕಾರಣಕ್ಕೆ ಅದಕ್ಕೆ ಒಪ್ಪಿಗೆ ಸಿಗುವುದು ಕಷ್ಟ. ಅದೇ ಊರಿನ ಸುರಂಗದೊಳಗಿನ ಹಾಳಾಗದ ಅದಿರಿನ ಮಾತು ಬೇರೆ.

ಹಾಗಾಗಿ ಹೊಸದೇನೋ ಸಿಕ್ಕಿತು ಎಂದು ಅನಿಸಿದವರು ಮಾಡಬೇಕಾದ ಮೊದಲ ಕೆಲಸ, ಸಿಕ್ಕ ಜಾಗದ ಅಕ್ಷಾಂಶ ರೇಖಾಂಶ, ಗಣಿಯ ಮಟ್ಟ, ಸುತ್ತಲಿನ ಶಿಲೆ ಇಷ್ಟನ್ನು ಆ ದಿನವೇ ಬರೆದಿಡುವುದು. ಎರಡನೆಯದು, ಕಲ್ಲನ್ನು ಪೂರ್ತಿ ಪುಡಿ ಮಾಡದಿರುವುದು. ಅರ್ಧ ತುಣುಕನ್ನು ಮುಟ್ಟದೆ ಡಬ್ಬಿಯಲ್ಲಿ ಹಾಕಿ, ಚೀಟಿ ಅಂಟಿಸಿ ಇಡಬೇಕು. ಆಮೇಲೆ ಅಳೆದ ಸೂತ್ರವನ್ನೂ ರಚನೆಯ ಅಳತೆಗಳನ್ನೂ ಐಎಂಎ ಪಟ್ಟಿಯೊಂದಿಗೆ ಹೋಲಿಸಿ ನೋಡಿದರೆ ಹೆಚ್ಚಿನ ಅನುಮಾನಗಳು ಅಲ್ಲೇ ಬಗೆಹರಿಯುತ್ತವೆ. ಬಗೆಹರಿಯದೆ ಉಳಿದದ್ದಕ್ಕೆ, ಅಳತೆ ಮಾಡಿದ ತುಣುಕಿನ ಜೊತೆಗೆ ಆ ಡಬ್ಬಿಯ ಅರ್ಧವೂ ಹೋಲೋಟೈಪ್‌ನ ಭಾಗವಾಗುತ್ತದೆ.